ಮೆದುಳಿನೊಳಗಿನ ದಾರಿಗಳು



"ಅವನ ಸ್ವಭಾವವೇ ಅಂಥದ್ದು, ಇನ್ನು ಬದಲಾಗುವುದಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಹಾಗಾದರೆ ಮನುಷ್ಯನ ಆಲೋಚನೆ, ನಡತೆಗಳೆಲ್ಲ ಮೆದುಳಿನ ರಚನೆಯಲ್ಲೇ ಮೊದಲೇ ಬರೆದಿಟ್ಟಿವೆಯೇ? ಈ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆಯಿದೆ.

ಇಟಲಿಯ ಮಿಲಾನ್ ನಗರದ ಸಮೀಪ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿದೆ. ಅಲ್ಲಿಯ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ಕಮಿಲ್ಲೊ ಗಾಲ್ಜಿಯವರು 1873ರಲ್ಲಿ, ಪ್ರಾಣಿಗಳ ಮೆದುಳಿನ ತುಣುಕುಗಳನ್ನು ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ಗಟ್ಟಿಗೊಳಿಸಿ, ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದುವ ವಿಧಾನವನ್ನು ಪ್ರಕಟಿಸಿದರು. ಕೆಲವೇ ನರಕೋಶಗಳು ಕಪ್ಪಾಗಿ, ಕೊಂಬೆರೆಂಬೆಗಳ ಸಮೇತ ಕಣ್ಣಿಗೆ ಕಂಡವು. ಎಲ್ಲವೂ ಕಪ್ಪಾಗಿದ್ದರೆ ಕತ್ತಲೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ!

ಇದೇ ವಿಧಾನವನ್ನು ಸುಧಾರಿಸಿಕೊಂಡ ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲ್ ಅವರು 1888ರಲ್ಲಿ ಬಾರ್ಸಿಲೋನಾದಿಂದ ಬೇರೊಂದು ತೀರ್ಮಾನವನ್ನು ಮುಂದಿಟ್ಟರು. ಮೆದುಳೆಲ್ಲ ಬಿಡುವಿಲ್ಲದ ಒಂದೇ ಬಲೆಯೆಂದು ಗಾಲ್ಜಿ ನಂಬಿದ್ದರು. ಪ್ರತಿಯೊಂದು ನರಕೋಶವೂ ಪ್ರತ್ಯೇಕವಾದುದೆಂದು ಕಹಾಲ್ ಹೇಳಿದರು. ಅಷ್ಟೇ ಅಲ್ಲ, ನಿರ್ಜೀವ ತುಣುಕಿನಲ್ಲಿ ಕಂಡ ಆಕಾರದಿಂದಲೇ ಜೀವಂತ ಸಂದೇಶ ಯಾವ ದಿಕ್ಕಿಗೆ ಹರಿಯುತ್ತದೆಂದು ಊಹಿಸಿ, ತಮ್ಮ ಚಿತ್ರಗಳಲ್ಲಿ ಬಾಣದ ಗುರುತುಗಳನ್ನು ಹಾಕಿದರು. ರಚನೆಯೇ ಹರಿವಿಗೆ ದಾರಿ ಮಾಡುತ್ತದೆಂಬ ಅರಿವು ಹೀಗೆ ಮೂಡಿತು. 1906ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸೇರಿ ದೊರೆಯಿತು. ಗಾಲ್ಜಿಯವರಾದರೋ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಕಹಾಲರ ಸಿದ್ಧಾಂತವನ್ನು ವಿರೋಧಿಸಿದರು. ನರಕೋಶಗಳ ನಡುವಣ ಸೂಕ್ಷ್ಮ ಬಿರುಕನ್ನು 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿಕೊಟ್ಟಿತು. ಆ ವೇಳೆಗೆ ಇಬ್ಬರೂ ಬದುಕಿರಲಿಲ್ಲ.

ಮುಂದೆ ಈ ದಾರಿಗಳ ಪೂರ್ಣ ನಕ್ಷೆ ಬರೆಯುವ ಕೆಲಸ ಆರಂಭವಾಯಿತು. 1986ರಲ್ಲಿ, ಒಂದು ಮಿಲಿಮೀಟರಿನಷ್ಟು ಉದ್ದದ ಪುಟ್ಟ ಹುಳುವೊಂದರ 302 ನರಕೋಶಗಳ ನಕ್ಷೆ ಪ್ರಕಟವಾಯಿತು. 2024ರಲ್ಲಿ ಹಣ್ಣಿನ ನೊಣದ ಮೆದುಳಿನ 1,39,255 ನರಕೋಶಗಳ ನಕ್ಷೆ ಸಿದ್ಧವಾಯಿತು. ಮನುಷ್ಯನಲ್ಲಿ ಅವು ಸುಮಾರು 8,600 ಕೋಟಿ!

ಆದರೆ ಒಂದು ಸಂಗತಿಯನ್ನು ಗಮನಿಸಿರಿ. 302 ನರಕೋಶಗಳ ನಕ್ಷೆ ಕೈಯಲ್ಲಿದ್ದರೂ, ಆ ಹುಳು ಮರುಕ್ಷಣ ಏನು ಮಾಡುವುದೆಂದು ನಕ್ಷೆಯೊಂದರಿಂದಲೇ ಹೇಳಲಾಗದು. ದಾರಿಗಳು ಅವೇ ಇದ್ದರೂ, ಹಸಿವಿನಲ್ಲೊಂದು ಬಗೆ, ಹೊಟ್ಟೆ ತುಂಬಿದಾಗ ಇನ್ನೊಂದು ಬಗೆಯಾಗಿ ಕೆಲವು ರಾಸಾಯನಿಕಗಳು ಸಂದೇಶಗಳ ಹರಿವನ್ನು ಬದಲಿಸುತ್ತವೆ. ಮೇಲಾಗಿ ದಾರಿಗಳೂ ಶಾಶ್ವತವಲ್ಲ. ಮಾನಸಿಕ ಅಭ್ಯಾಸದಿಂದ ನರಕೋಶಗಳ ಸಂಪರ್ಕಗಳು ಬೆಳೆಯಬಹುದೆಂದು ಕಹಾಲ್ 1894ರಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ಸೂಚಿಸಿದ್ದರು. ಮತ್ತೆ ಮತ್ತೆ ಪ್ರಚೋದಿಸಿದ ಸಂಪರ್ಕಗಳು ಗಂಟೆಗಟ್ಟಲೆ ಬಲವಾಗಿಯೇ ಉಳಿಯುವುದನ್ನು ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು 1973ರಲ್ಲಿ ಮೊಲದ ಮೆದುಳಿನಲ್ಲಿ ತೋರಿಸಿದರು.

ಕಾಲುದಾರಿ ನಡೆಯುವವರನ್ನು ತನ್ನತ್ತ ಸೆಳೆಯುತ್ತದೆ, ನಿಜ. ಆದರೆ ಜನ ನಡೆದೂ ನಡೆದೂ ತಾನೇ ಅದು ಕಾಲುದಾರಿಯಾದದ್ದು? ಮಕ್ಕಳ ಬಗ್ಗೆಯಾಗಲಿ, ಮುಪ್ಪಾದವರ ಬಗ್ಗೆಯಾಗಲಿ "ಇನ್ನು ಬದಲಾಗುವುದಿಲ್ಲ" ಎಂದು ತೀರ್ಪು ಕೊಡುವ ಮೊದಲು ನಾವು ತುಸು ತಡೆಯೋಣ. ಇಂದು ಅವರೊಡನೆ ತಾಳ್ಮೆಯಿಂದ ಇಡುವ ಒಂದೊಂದು ಹೆಜ್ಜೆಯೂ ಎಲ್ಲಿಯೋ ಒಂದು ದಾರಿಯನ್ನು ಸವೆಸುತ್ತಿರಬಹುದು.