ಕುಳ್ಳಿಯಾದ ರಾಜಕುಮಾರಿ

ಕಳೆದ ದೀಪಾವಳಿಗೆ ಅಕ್ಕ ತವರಿಗೆ ಬಂದಾಗ ಅವಳನ್ನು ಖುಷಿಪಡಿಸಬೇಕೆಂದು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಆಟ ಹಾಕಿದೆ. ‘ಕಿಂಗ್ಸ್ ಕ್ವೆಸ್ಟ್’ ಸಾಹಸದ ನಾಲ್ಕನೆಯ ಭಾಗ. ಅಕ್ಕ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇವಳು ನಮ್ಮ ರೊಸೆಲಾ ಅಲ್ಲ ಕಣೇ. ಯಾರೋ ಕುಳ್ಳಿ” ಅಂದುಬಿಟ್ಟಳು. ನಾನು ಪೆಚ್ಚಾದೆ.

1992ರಲ್ಲಿ ಸೋದರಮಾವ ತಮ್ಮ ಕಂಪ್ಯೂಟರನ್ನು ಕೆಲವು ತಿಂಗಳು ನಮ್ಮ ಮನೆಯಲ್ಲಿಟ್ಟಿದ್ದರು. ಅಪ್ಪ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ವರ್ಷ ಅದು. ಆಟದಲ್ಲಿ ರಾಜಕುಮಾರಿ ರೊಸೆಲಾ, ಹೃದಯಾಘಾತವಾಗಿ ಮಲಗಿದ ತನ್ನ ತಂದೆಗಾಗಿ ಒಂದು ಮಾಯದ ಹಣ್ಣನ್ನು ಹುಡುಕಿ ಹೊರಡುತ್ತಾಳೆ. ಅವಳಿಗಿರುವುದು ಒಂದೇ ದಿನದ ಗಡುವು. ಅಪ್ಪ ದಿಂಬಿಗೊರಗಿ ಹಿಂದಿನಿಂದ ನೋಡುತ್ತಿದ್ದರು. ಆ ಹಣ್ಣಿಗಾಗಿ ನಾವಿಬ್ಬರು ಅಷ್ಟೊಂದು ಹಟ ಹಿಡಿದದ್ದೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಈ ಕತೆಯನ್ನು ಕಟ್ಟಿದವಳು ಒಬ್ಬ ಹೆಂಗಸು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅಮೆರಿಕದ ರಾಬರ್ಟಾ ವಿಲಿಯಮ್ಸ್ 1980ರಲ್ಲಿ ಗಂಡ ಕೆನ್ ಜೊತೆ ಸೇರಿ ‘ಮಿಸ್ಟರಿ ಹೌಸ್’ ಎಂಬ ಆಟ ಮಾಡಿದಳು. ಅದುವರೆಗೆ ಬರೀ ಅಕ್ಷರಗಳಲ್ಲಿದ್ದ ಸಾಹಸಕ್ಕೆ ಅವಳು ಗೆರೆಚಿತ್ರ ಜೋಡಿಸಿದಳು. ಮೊದಮೊದಲು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದರಂತೆ! 1984ರಲ್ಲಿ ‘ಕಿಂಗ್ಸ್ ಕ್ವೆಸ್ಟ್’ ಬಂತು. 1988ರ ನಾಲ್ಕನೆಯ ಭಾಗದಲ್ಲಿ ಕತೆಯ ಭಾರವನ್ನೆಲ್ಲ ರಾಜಕುಮಾರಿಯ ಹೆಗಲಿಗೇರಿಸಿದಳು.

ರೊಸೆಲಾ ಕುಳ್ಳಿಯಾದದ್ದು ಹೇಗೆ? ಅಕ್ಕನ ಮಗ ಬಿಡಿಸಿ ಹೇಳಿದ. ಆಟದ ಚಿತ್ರದಲ್ಲಿ ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 200 ಸಾಲು. ಅಂದಿನ ಗಾಜಿನ ಪರದೆಯ ಅಗಲ ನಾಲ್ಕಾದರೆ ಎತ್ತರ ಮೂರು. ಆದ್ದರಿಂದ ಒಂದೊಂದು ಚುಕ್ಕಿಯೂ ಅಗಲಕ್ಕಿಂತ ಐದನೇ ಒಂದು ಪಾಲು ಎತ್ತರವಾಗಿ ಕಾಣುತ್ತಿತ್ತು. ಇಂದಿನ ಪರದೆಯ ಚುಕ್ಕಿ ಚೌಕ. ಚಿತ್ರಕಾರರು ಗಾಜನ್ನು ನೋಡಿಕೊಂಡು ಬರೆದ ಹುಡುಗಿ ಇಲ್ಲಿ ಕುಗ್ಗಿಹೋಗಿದ್ದಳು.

ಬಣ್ಣದ ಕತೆಯೂ ಹಾಗೆಯೇ. ಇದ್ದದ್ದು 16 ಬಣ್ಣ. ಎರಡು ಬಣ್ಣದ ಚುಕ್ಕಿಗಳನ್ನು ರಂಗೋಲಿಯಂತೆ ಒತ್ತೊತ್ತಾಗಿಟ್ಟು ಮೂರನೆಯದನ್ನು ಹುಟ್ಟಿಸುತ್ತಿದ್ದರು. ಗಾಜಿನ ಮಿಂಚು ಅವನ್ನು ಕೊಂಚ ಕಲೆಸುತ್ತಿತ್ತು. ಇಂದಿನ ಚೊಕ್ಕ ಪರದೆಯಲ್ಲಿ ಕಾಳು ಕಾಳಾಗಿ ಕಾಣುತ್ತವೆ.

ಹಳೆಯ ಸಾಹಸದ ಆಟಗಳನ್ನು ಓಡಿಸಲು 2001ರಲ್ಲಿ ಶುರುವಾದ ‘ಸ್ಕಮ್‌ವಿಎಂ’ ಎಂಬ ತಂತ್ರಾಂಶವಿದೆ. ಅದರಲ್ಲಿ ಅಗಲ-ಎತ್ತರ ಸರಿಪಡಿಸುವ ಗುಂಡಿ ಒತ್ತಿದೆ. ರೊಸೆಲಾ ನೆಟ್ಟಗೆ ನಿಂತಳು! ಆಮೇಲೆ ‘ಶೇಡರ್’ ಹುಡುಕಿದೆ. ಪ್ರತಿ ಚುಕ್ಕಿಯ ಬಣ್ಣವನ್ನೂ ಮತ್ತೆ ಲೆಕ್ಕಹಾಕಿ ಹಳೆಯ ಗಾಜಿನ ನೆರಳನ್ನು ಹಾಸುವ ಪುಟ್ಟ ಆಜ್ಞಾವಳಿ ಅದು. ನಾನು ಆರಿಸಿದ್ದರಲ್ಲಿ ಸಾಲು ಸಾಲು ಕಪ್ಪು ಗೆರೆಗಳಿದ್ದವು. ಎಷ್ಟು ಹಳೆಯದಾಗಿ ಕಾಣುತ್ತದೆಂದು ಹಿಗ್ಗಿದೆ. ಅಕ್ಕ ಮತ್ತೆ ತಲೆಯಾಡಿಸಿದಳು: “ನಮ್ಮದರಲ್ಲಿ ಗೆರೆ ಇರಲಿಲ್ಲ.”

ಅವಳು ಹೇಳಿದ್ದೇ ಸರಿ. ಗೆರೆ ಕಾಣುತ್ತಿದ್ದದ್ದು ಟೀವಿಯಲ್ಲಿ, ಇನ್ನೂ ಹಳೆಯ ಪರದೆಗಳಲ್ಲಿ. ಮಾವನದು 1987ರಲ್ಲಿ ಬಂದ ವಿಜಿಎ ಬಗೆಯದು. ಅದು ಪ್ರತಿ ಸಾಲನ್ನೂ ಎರಡೆರಡು ಸಲ ಬರೆದು 200ನ್ನು 400 ಮಾಡುತ್ತಿತ್ತು, ನಡುವೆ ಕತ್ತಲೆಗೆ ಜಾಗವೇ ಇರಲಿಲ್ಲ. ಹಳೆಯದೆಲ್ಲ ಮಸುಕು ಎಂದು ನಾನೇ ಒಂದು ಸುಳ್ಳು ನೆನಪು ಕಟ್ಟಿಕೊಂಡಿದ್ದೆ. ಹುಡುಗನ ಸಹಾಯದಿಂದ ಶೇಡರ್‌ನ ಕಡತ ತೆರೆದು ಗೆರೆಯ ದಪ್ಪದ ಅಂಕಿಯನ್ನು ಸೊನ್ನೆಗಿಳಿಸಿದೆ. ಚೂರು ಮೆದುತನ, ಚೂರು ಹೊಳಪು ಉಳಿಸಿದೆ.

ಅಕ್ಕ ತುಂಬ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಹಿಂದೆ ತಿರುಗಿ, “ಅಪ್ಪನ ಮಂಚ ಇಲ್ಲೇ ಇತ್ತಲ್ವೇನೇ?” ಎಂದಳು.

ನಾವು ಆ ಹಣ್ಣನ್ನು ತಂದಿದ್ದೆವು. ಅಪ್ಪ ಅದನ್ನು ನೋಡಿದ್ದರು.