ಗಾಳಿಯ ಬೆಲೆ, ಸದ್ದಿನ ಲೆಕ್ಕ

ಗಾಳಿಯನ್ನು ಲೆಕ್ಕವಿಟ್ಟು ಹಂಚಬೇಕೆಂಬ ವಿವೇಕ ಮುಂಬಯಿಗೆ ಮೂಡಿದ್ದು ಪ್ಲೇಗಿನ ಪೆಟ್ಟು ಬಿದ್ದ ಮೇಲೆ. 1896ರಲ್ಲಿ ಮಾಂಡವಿಯ ಇಕ್ಕಟ್ಟಾದ ಓಣಿಗಳಲ್ಲಿ ಕಾಣಿಸಿಕೊಂಡ ಆ ಮಾರಿ ಊರನ್ನೇ ಬರಿದು ಮಾಡತೊಡಗಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗಾ, ವಡಾಲದ ಅಗಲವಾದ ರಸ್ತೆಗಳೂ ಫೈವ್ ಗಾರ್ಡನ್ಸಿನ ಮರಗಳೂ ಆ ಕಾಲದ ಯೋಜನೆಗಳ ಫಲ. ಟ್ರಸ್ಟಿನವರದೊಂದು ಪ್ರಸಿದ್ಧ ನಿಯಮವಿತ್ತು: ಕಟ್ಟಡದ ಬುಡದಿಂದ ಎದುರು ಕಟ್ಟಡದ ನೆತ್ತಿಗೆ ಎಳೆದ ಗೆರೆ 63.5 ಡಿಗ್ರಿಗಿಂತ ಕಡಿದಾಗಿರಬಾರದು. ಸರಳವಾಗಿ ಹೇಳುವುದಾದರೆ, ಕಟ್ಟಡದ ಎತ್ತರ ನಡುವಣ ತೆರಪಿನ ಎರಡು ಪಟ್ಟನ್ನು ಮೀರಕೂಡದು. ಟ್ರಸ್ಟಿನ ಅಧ್ಯಕ್ಷ ಜೆ. ಪಿ. ಓರ್ ಈ ಕೋನವನ್ನು ಪಟ್ಟುಹಿಡಿದು ಪ್ರತಿಪಾದಿಸಿದವರು.

ಕಂಪ್ಯೂಟರಿನ ಫ್ಯಾನುಗಳ ಬಗ್ಗೆ ಬರೆಯಹೊರಟು ಪ್ಲೇಗಿನಿಂದ ಆರಂಭಿಸಿದ್ದಕ್ಕೆ ಕಾರಣವುಂಟು. ತೆರಪು ಎಷ್ಟು, ತಡೆ ಎಷ್ಟು, ಒಳಬಂದ ಗಾಳಿ ಎಲ್ಲಿಂದ ಹೊರಹೋಗಬೇಕು ಎಂಬ ಓರ್ ಅವರ ಪ್ರಶ್ನೆಗಳೇ ಇಂದು ನಮ್ಮ ಮೇಜಿನಡಿಯ ಪೆಟ್ಟಿಗೆಗೂ ಅನ್ವಯಿಸುತ್ತವೆ. ಆ ಪಟ್ಟಿಗೆ ಪೆಟ್ಟಿಗೆ ಸೇರಿಸಿರುವ ಪ್ರಶ್ನೆ ಇನ್ನೊಂದೇ: ಸದ್ದು ಎಷ್ಟು? ಅದನ್ನು ಯಾರು ಕೇಳಿಸಿಕೊಳ್ಳಬೇಕು?

ಈ ಎರಡನೆಯ ಪ್ರಶ್ನೆ ಹಳೆಯದು. ಸಾಹೇಬರ ಕೋಣೆಯ ಪಂಖ ನಿಶ್ಶಬ್ದವಾಗಿ ತೂಗುತ್ತಿದ್ದುದು ಹೊರಜಗಲಿಯಲ್ಲಿ ಹಗ್ಗ ಎಳೆಯುವ ಆಳೊಬ್ಬ ಬೆವರುತ್ತಿದ್ದುದರಿಂದ. ತಂಪು ಒಳಗೆ, ಬೆವರು ಹೊರಗೆ. 1882ರಲ್ಲಿ ಅಮೆರಿಕದ ಸ್ಕೈಲರ್ ವ್ಹೀಲರ್ ಮೇಜಿನ ವಿದ್ಯುತ್ ಪಂಖವನ್ನು ರೂಪಿಸಿದ ಮೇಲೆ ಬೆವರಿನ ಬದಲು ಗುಂಯ್‌ಗುಡುವಿಕೆ ಬಂತು. ಅದು ಮಾತ್ರ ಕೋಣೆಯೊಳಗೇ ಉಳಿಯಿತು.

ಕಂಪ್ಯೂಟರಿನ ಚರಿತ್ರೆಯೂ ಇದೇ ಜಾಡಿನದು, ಅದರ ಭಾರತೀಯ ಅಧ್ಯಾಯ ಆರಂಭವಾದದ್ದೂ ಬಹುಮಟ್ಟಿಗೆ ಈ ನಗರದಲ್ಲೇ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ರೂಪುಗೊಂಡ ಯಂತ್ರ 1960ರಲ್ಲಿ ಪೂರ್ಣವಾಗಿ ಕೆಲಸಕ್ಕೆ ನಿಂತಿತು; 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಸುಮಾರು 2,700 ವಾಲ್ವುಗಳು, 12,500 ರೆಸಿಸ್ಟರುಗಳು, ಹದಿನೆಂಟು ಅಡಿ ಉದ್ದದ ಉಕ್ಕಿನ ಚೌಕಟ್ಟು. ಹಳೆಯ ರೇಡಿಯೋದ ಬೆನ್ನಿಗೆ ಕೈಯಿಟ್ಟವರಿಗೆ ಒಂದು ವಾಲ್ವಿನ ಕಾವು ಗೊತ್ತು. ಅದನ್ನು ಎರಡು ಸಾವಿರದ ಏಳುನೂರರಿಂದ ಗುಣಿಸಿಕೊಳ್ಳಬಹುದು. 1964ರಲ್ಲಿ ಅಲ್ಲಿಗೆ ಸಿಡಿಸಿ 3600 ಬಂತು. ಅದು ಟ್ರಾನ್ಸಿಸ್ಟರಿನ ಯಂತ್ರ, ಆದರೂ ತಂಪು ಬೇಡುವ ಯಂತ್ರವೇ.

ಮುಂದೆ ಸರ್ಕಾರಿ ಕಚೇರಿಗಳಿಗೆ ಗಣಕಯಂತ್ರ ಕಾಲಿಟ್ಟಾಗ ನಡೆದದ್ದನ್ನು ನಮ್ಮ ಹಿರಿಯ ಸಹೋದ್ಯೋಗಿಗಳು ಈಗಲೂ ನಗುತ್ತ ಹೇಳುತ್ತಾರೆ. ಗುಮಾಸ್ತರಿಗೆ ಕಿರುಗುಟ್ಟುವ ಸೀಲಿಂಗ್ ಫ್ಯಾನು, ಯಂತ್ರಕ್ಕೆ ಎ.ಸಿ. ಕೋಣೆ, ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಹೋಗಬೇಕು, ದೇವಸ್ಥಾನದಂತೆ. ಕಡತ ಹಿಡಿದು ನೆಪ ಮಾಡಿಕೊಂಡು ಆ ಕೋಣೆಗೆ ಹೋಗಿ ಐದು ನಿಮಿಷ ನಿಲ್ಲುವುದು ಮೇ ತಿಂಗಳ ಸುಖಗಳಲ್ಲೊಂದಾಗಿತ್ತಂತೆ.

ಯಂತ್ರ ಆ ಗರ್ಭಗುಡಿಯಿಂದ ಹೊರಬಂದು ಮೇಜಿಗೇರಿದಾಗ ತನ್ನ ಗಾಳಿಯನ್ನು ತಾನೇ ಹೊತ್ತು ತಂದಿತು. 1981ರ ಐಬಿಎಂ ಪಿಸಿಯಲ್ಲಿ ಇದ್ದುದು ಒಂದೇ ಫ್ಯಾನು, ಅದೂ ವಿದ್ಯುತ್ ಪೂರೈಕೆಯ ಡಬ್ಬಿಯಲ್ಲಿ. ಡಬ್ಬಿಯ ಸಾಮರ್ಥ್ಯ 63.5 ವಾಟ್, ನಮ್ಮ ಮನೆಯ ಹಳೆಯ ಸೀಲಿಂಗ್ ಫ್ಯಾನಿಗಿಂತಲೂ ಕಡಿಮೆ. (ಟ್ರಸ್ಟಿನ ಕೋನದ ಅಂಕಿಯೂ 63.5 ಆಗಿರುವುದು ಬರಿಯ ಕಾಕತಾಳೀಯ. ಅದರಲ್ಲಿ ಅರ್ಥ ಹುಡುಕುವ ಚಪಲ ನಮಗಿಲ್ಲ.) ಅದಕ್ಕೆ ಒಂದು ವರ್ಷ ಮೊದಲು, ಫ್ಯಾನಿನ ಸದ್ದೇ ಬೇಡವೆಂದು ಸ್ಟೀವ್ ಜಾಬ್ಸ್ ಹಟ ಹಿಡಿದದ್ದರಿಂದ ಆಪಲ್ 3 ಫ್ಯಾನಿಲ್ಲದೆ ಬಂದು, ಕಾವಿನ ದೂರುಗಳಿಗೆ ಗುರಿಯಾಗಿ ಹೆಸರು ಕೆಡಿಸಿಕೊಂಡಿತ್ತು. ಮೌನವನ್ನು ಬಯಸಿದ್ದು ತಪ್ಪಲ್ಲ. ಕಾವಿಗೆ ಬೇರೆ ದಾರಿ ತೋರಿಸದೆ ಬಯಸಿದ್ದರಿಂದ ಹಾಗಾಯಿತು.

1993ರ ಪೆಂಟಿಯಂ ಸುಮಾರು 15 ವಾಟ್ ಕಾವು ಕಾರುತ್ತಿತ್ತು. ಪ್ರಾಸೆಸರಿನ ತಲೆಯ ಮೇಲೆ ಪುಟ್ಟ ಫ್ಯಾನು ಕೂರುವುದು ವಾಡಿಕೆಯಾದದ್ದು ಹೆಚ್ಚುಕಡಿಮೆ ಆ ಕಾಲದಲ್ಲಿ. 2004ರ ಹೊತ್ತಿಗೆ ಪೆಂಟಿಯಂ 4ರ ಕೆಲವು ಮಾದರಿಗಳು ನೂರು ವಾಟನ್ನು ದಾಟಿದ್ದವು. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಆ ಕಾಲದ ಯಂತ್ರಗಳ ಎಂಟು ಸೆಂಟಿಮೀಟರಿನ ಫ್ಯಾನುಗಳು ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಕರಕರ ಎನ್ನತೊಡಗುತ್ತಿದ್ದವು. ಅಗ್ಗದ ಸ್ಲೀವ್ ಬೇರಿಂಗಿನ ಎಣ್ಣೆ ಕಾವಿಗೆ ಆರುತ್ತದೆ, ಧೂಳು ಸೇರುತ್ತದೆ. ವಡಾಲದಲ್ಲಂತೂ ಉಪ್ಪಿನ ಗದ್ದೆಗಳ ಕಡೆಯಿಂದ ಬೀಸುವ ತೇವದ ಗಾಳಿ.

ಈ ಅನನುಕೂಲವನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳು ಆಮೇಲೆ ಬಂದವು. 2005ರಲ್ಲಿ ಆರಂಭವಾದ ಆಸ್ಟ್ರಿಯಾದ ನಾಕ್ಟುವಾದ ಕಂದು ಬಣ್ಣದ ಫ್ಯಾನುಗಳನ್ನು ಚೆಲುವೆಂದು ಯಾರೂ ಹೇಳಲಾರರು, ಆದರೂ ಅವಕ್ಕೆ ಭಕ್ತರಿದ್ದಾರೆ. 2018ರಲ್ಲಿ ಬಂದ ಅದರ ಎನ್ಎಫ್-ಎ12x25 ಮಾದರಿಯಲ್ಲಿ ಎಲೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಮಾತ್ರ ಅಂತರ. ನಿಮಿಷಕ್ಕೆ 2,000 ಸುತ್ತು, ಗಂಟೆಗೆ 102 ಘನಮೀಟರ್ ಗಾಳಿ, 22.6 ಡೆಸಿಬೆಲ್ ಸದ್ದು ಎಂಬುದು ತಯಾರಕರ ಹೇಳಿಕೆ. ಇತ್ತ ಅಗ್ಗವೂ ಜನಪ್ರಿಯವೂ ಆದ ಆರ್ಕ್ಟಿಕ್ ಪಿ12ರ ಡಬ್ಬದ ಮೇಲೆ ಸದ್ದು 0.3 ‘ಸೋನ್’ ಎಂದಿರುತ್ತದೆ. ಡೆಸಿಬೆಲ್ ಒತ್ತಡದ ಅಳತೆ, ಸೋನ್ ಕಿವಿಗೆ ಅನಿಸುವ ಗಟ್ಟಿತನದ ಅಳತೆ. ಒಬ್ಬ ಸೇರಿನಲ್ಲಿ, ಇನ್ನೊಬ್ಬ ಮೊಳದಲ್ಲಿ ಲೆಕ್ಕ ಹೇಳಿದರೆ ಗಿರಾಕಿ ಹೋಲಿಸುವುದೇನನ್ನು?

ಡಬ್ಬದ ಅಂಕಿಗಳಲ್ಲಿ ಇನ್ನೂ ಒಂದು ಮರೆಯಿದೆ. ಗರಿಷ್ಠ ಗಾಳಿಯನ್ನು ಅಳೆಯುವುದು ಎದುರಿಗೆ ತಡೆಯೇ ಇಲ್ಲದಾಗ. ಗರಿಷ್ಠ ಒತ್ತಡವನ್ನು ಅಳೆಯುವುದು ದಾರಿ ಪೂರ್ತಿ ಮುಚ್ಚಿ ಗಾಳಿಯೇ ಹರಿಯದಾಗ. ಎರಡೂ ಏಕಕಾಲಕ್ಕೆ ಎಂದೂ ಒದಗುವುದಿಲ್ಲ. ಲೆಕ್ಕದ ಪ್ರಕಾರ ನೂರು ವಾಟ್ ಕಾವನ್ನು, ಗಾಳಿಯ ಉಷ್ಣತೆ ಹತ್ತು ಡಿಗ್ರಿಗಿಂತ ಹೆಚ್ಚು ಏರದಂತೆ ಹೊರಸಾಗಿಸಲು ಗಂಟೆಗೆ ಮೂವತ್ತು ಘನಮೀಟರ್ ಗಾಳಿ ಸಾಕು. ಹಾಗಾದರೆ ನೂರು ಘನಮೀಟರಿನ ಫ್ಯಾನು ಏಕೆ? ಧೂಳಿನ ಜಾಲರಿ, ತಂತಿಗಳ ಗೋಜಲು, ಗೋಡೆಗೆ ಒತ್ತಿನಿಂತ ಪೆಟ್ಟಿಗೆಯ ಬೆನ್ನು, ಇವೆಲ್ಲ ಸೇರಿ ನೂರನ್ನು ಎಲ್ಲಿಗೆ ಇಳಿಸುತ್ತವೆಂಬುದು ಮನೆಮನೆಗೂ ಬೇರೆ. ಎದುರು ಕಟ್ಟಡ ಮೇಲೆದ್ದಂತೆ ಬಡಾವಣೆಯ ಗಾಳಿ ಕುಗ್ಗುವುದೂ ಇದೇ ಬಗೆಯಲ್ಲಿ.

ವೇಗದ ನಿಯಮಗಳು ಮಾತ್ರ ಎಲ್ಲರಿಗೂ ಒಂದೇ. ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಸದ್ದು ಸುಮಾರು ಹದಿನೈದು ಡೆಸಿಬೆಲ್ ಇಳಿಯುತ್ತದೆ. ಅಂಥದೇ ಇನ್ನೊಂದು ಫ್ಯಾನನ್ನು ಪಕ್ಕದಲ್ಲಿ ಸೇರಿಸಿದರೆ ಗಾಳಿ ಮೊದಲಿನಷ್ಟಕ್ಕೇ ಬರುತ್ತದೆ, ಸದ್ದು ಏರುವುದು ಮೂರೇ ಡೆಸಿಬೆಲ್. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಎಂಬುದು ಒಪ್ಪಿತವಾದ ಅಂದಾಜು. ಓಡುವ ಒಂದಕ್ಕಿಂತ ನಡೆಯುವ ಎರಡು ಮೇಲು ಎಂಬ ಜೋಡಿಸುವವರ ಜಾಣ್ಮೆ ಈ ಲೆಕ್ಕದಿಂದಲೇ ಬಂದದ್ದು. ಆದುದರಿಂದ ಎರಡು ಫ್ಯಾನುಗಳನ್ನು ಒಂದೇ ವೇಗದಲ್ಲಿಟ್ಟು ಹೋಲಿಸುವುದು ನಮ್ಮ ದೃಷ್ಟಿಯಲ್ಲಿ ವ್ಯರ್ಥ. ಒಂದೇ ಕೆಲಸ ಕೊಟ್ಟು, ಪ್ರಾಸೆಸರ್ ಒಂದೇ ಉಷ್ಣತೆಯಲ್ಲಿ ನಿಲ್ಲುವಂತೆ ಎರಡರ ವೇಗವನ್ನೂ ಹೊಂದಿಸಿ, ಆಗ ಯಾವುದರ ಸದ್ದು ಕಡಿಮೆಯೆಂದು ಕೇಳಬೇಕು. ಅದೂ ನಮ್ಮ ಕೋಣೆಯಲ್ಲಿ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ಬರೆದ ವಿಮರ್ಶೆಗಳು ವಡಾಲದ ಮೇ ತಿಂಗಳ ಮೂವತ್ಮೂರು ಡಿಗ್ರಿಗೆ ಹೊಂದುವುದಿಲ್ಲ. ಕೋಣೆ ಹದಿಮೂರು ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ, ಫ್ಯಾನು ತಾನಾಗಿ ವೇಗ ಏರಿಸುತ್ತದೆ. ಅಲ್ಲಿ ಪಿಸುಗುಟ್ಟಿದ್ದು ಇಲ್ಲಿ ಹೂಂಕರಿಸುತ್ತದೆ.

ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿರುವಾಗ ಇಪ್ಪತ್ತೆರಡು ಡೆಸಿಬೆಲ್ ಯಾರಿಗೆ ಕೇಳಿಸೀತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಆಕ್ಷೇಪ. ವಾಸದ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿದ ರಾತ್ರಿಯ ಮಿತಿಯೇ 45 ಡೆಸಿಬೆಲ್. 2023ರಿಂದ ಕಡ್ಡಾಯವಾದ ಸೀಲಿಂಗ್ ಫ್ಯಾನಿನ ನಕ್ಷತ್ರ ಚೀಟಿಯೂ ಒಂದು ವಾಟಿಗೆ ಎಷ್ಟು ಗಾಳಿ ಎಂಬುದರ ಮೇಲೆಯೇ ನಿಂತಿದೆ. ಬೇಸಿಗೆಯ ನಾಡಿಗೆ ಗಾಳಿಯೇ ಮೊದಲು.

ಆದರೆ ನಮ್ಮ ಬಳಗಕ್ಕೆ ಈ ವಿಷಯ ಬೇರೊಂದು ದಾರಿಯಿಂದ ಎದುರಾಯಿತು. ಹೋಟೆಲಿನ ಮಾಣಿಯಾಗಿ ಬಂದು ರಾತ್ರಿಶಾಲೆಯಲ್ಲಿ ಓದಿದವರು, ಗಿರಣಿಯಲ್ಲಿ ದುಡಿದವರು, ಮಕ್ಕಳನ್ನು ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಗೆ ಕೈಹಿಡಿದು ಕರೆದೊಯ್ದವರು ಈಗ ಎಂಬತ್ತರ ಆಚೆಯಲ್ಲಿದ್ದಾರೆ. ಅವರ ಮಾತನ್ನು ಅವರದೇ ಮನೆಯ ಒಂದೂವರೆ ಕೋಣೆಯಲ್ಲಿ, ಮೊಮ್ಮಕ್ಕಳ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಮುದ್ರಿಸಿಕೊಳ್ಳುವಾಗ ಸೀಲಿಂಗ್ ಫ್ಯಾನನ್ನು ಹತ್ತು ನಿಮಿಷ ನಿಲ್ಲಿಸಬಹುದು. ಪೆಟ್ಟಿಗೆಯೊಳಗಿನದನ್ನು ನಿಲ್ಲಿಸುವಂತಿಲ್ಲ.

ಆ ಸದ್ದನ್ನು ತಂತ್ರಾಂಶದಿಂದ ತೆಗೆಯಬಹುದಲ್ಲ ಎನ್ನಬಹುದು. ತೆಗೆಯಬಹುದು, ಅದರ ಜೊತೆಗೆ ಮಾತಿನ ಅಂಚೂ ಹೋಗುತ್ತದೆ. ಫ್ಯಾನಿನ ಸದ್ದು ಒಂದೇ ಶ್ರುತಿಯದಲ್ಲ. ಎಲ್ಲ ಶ್ರುತಿಗಳಲ್ಲೂ ಹರಡಿದ ಗಾಳಿಯ ಸುಯ್ಲು. ನಮ್ಮ ಸ, ಶ, ಹಕಾರಗಳೂ ಬಾಯಿಂದ ಹೊರಟ ಗಾಳಿಯ ಸುಯ್ಲುಗಳೇ. ಒಂದನ್ನು ಅಳಿಸಹೊರಟ ತಂತ್ರಾಂಶ ಇನ್ನೊಂದನ್ನೂ ಸವೆಸುತ್ತದೆ. ಕುಂದಾಪುರ ಸೀಮೆಯ ಅಜ್ಜಿಯೊಬ್ಬರು ಪದದ ಕೊನೆಯನ್ನು ತುಟಿಯಲ್ಲೇ ಬಿಟ್ಟು ಉಸಿರಿಗೆ ದಾಟಿಸುವ ಆ ಬಗೆ, ಅವರ ಊರನ್ನು ಹೆಸರು ಹೇಳದೆ ಗುರುತಿಸುವಂತೆ ಮಾಡುವ ಆ ಬಗೆ, ಶುದ್ಧೀಕರಿಸಿದ ಕಡತದಲ್ಲಿ ಕಾಣೆಯಾಗಿರುತ್ತದೆ. ಉಳಿಯುವುದು ಆಕಾಶವಾಣಿಯ ವಾರ್ತೆಯಂಥ ಕನ್ನಡ.

ಆದಕಾರಣ ನಾವು ಮುದ್ರಣಕ್ಕೆ ಮೊದಲು ಪೆಟ್ಟಿಗೆಯ ಜಾಲರಿಯ ಧೂಳು ಒರೆಸುತ್ತೇವೆ, ಬೇರೆ ಕೆಲಸಗಳನ್ನೆಲ್ಲ ಮುಚ್ಚಿ ಫ್ಯಾನು ನಿಮಿಷಕ್ಕೆ ಏಳೆಂಟುನೂರು ಸುತ್ತಿಗೆ ಇಳಿಯುವುದನ್ನು ಕಾಯುತ್ತೇವೆ, ಮೈಕನ್ನು ಆದಷ್ಟು ದೂರಕ್ಕೆ ಎಳೆದು ಹಿರಿಯರ ಬಾಯಿಗೆ ಹತ್ತಿರ ಇಡುತ್ತೇವೆ. ಹೊಸ ಫ್ಯಾನು ಕೊಳ್ಳುವುದಕ್ಕಿಂತ ಈ ಮೂರರಿಂದಲೇ ಹೆಚ್ಚು ಸದ್ದು ಇಳಿದದ್ದುಂಟು. ಹಾರ್ಬರ್ ಮಾರ್ಗದ ರೈಲಿನ ಸದ್ದು ಪ್ರತಿ ಕಡತದಲ್ಲೂ ಬಂದಿದೆ. ಅದನ್ನು ತೆಗೆದಿಲ್ಲ, ಬಹಳ ಮಂದಿ ಹಿರಿಯರು ರೈಲು ದಾಟುವವರೆಗೆ ಮಾತು ನಿಲ್ಲಿಸಿ, ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ.