ಸರಾಯೆವೊ: ಪುಸ್ತಕ ಉಳಿಸಿದ ನಗರ

ಬೋಸ್ನಿಯಾದ ರಾಜಧಾನಿ ಸರಾಯೆವೊ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ರಕ್ತಪಾತ. 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನ ಹತ್ಯೆಯಾಗಿ ಪ್ರಥಮ ಮಹಾಯುದ್ಧಕ್ಕೆ ಕಿಡಿ ಹೊತ್ತಿದ್ದು ಇಲ್ಲಿ. 1992ರಿಂದ 1996ರವರೆಗಿನ ಮುತ್ತಿಗೆಯಲ್ಲಿ 11 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡದ್ದೂ ಇಲ್ಲಿಯೇ. ಆದರೆ ಈ ನಗರಕ್ಕೆ ಇನ್ನೊಂದು ಚರಿತ್ರೆಯಿದೆ. ಅದು ವಿದ್ಯಾರ್ಥಿವೇತನ, ಹಾಸ್ಟೆಲ್ ಮತ್ತು ಗ್ರಂಥಾಲಯಗಳ ಚರಿತ್ರೆ. ಶಿಕ್ಷಣ ಸಂಘಗಳಲ್ಲಿ ದುಡಿಯುವವರು ಇದನ್ನು ಅವಶ್ಯ ತಿಳಿದಿರಬೇಕು.

ಸುಮಾರು ನಾಲ್ಕು ಶತಮಾನಗಳ ಉಸ್ಮಾನೀ ಆಡಳಿತದ ನಂತರ 1878ರಲ್ಲಿ ನಗರವು ಆಸ್ಟ್ರಿಯಾ-ಹಂಗೇರಿಯ ಕೈಸೇರಿತು. ಬದಲಾವಣೆ ವೇಗವಾಗಿ ಬಂತು. 1885ರಲ್ಲಿ ಕುದುರೆ ಎಳೆಯುವ ಟ್ರಾಮ್, 1888ರಲ್ಲಿ ವಸ್ತುಸಂಗ್ರಹಾಲಯ, 1895ರಲ್ಲಿ ವಿದ್ಯುತ್ ಟ್ರಾಮ್, 1896ರಲ್ಲಿ ಭವ್ಯವಾದ ನಗರಸಭಾ ಭವನ. ಆದರೆ ಹೊಸ ಕಾಲದ ಉದ್ಯೋಗಗಳಿಗೆ ಹೊಸ ವಿದ್ಯೆ ಬೇಕಿತ್ತು. 1910ರ ಜನಗಣತಿಯ ಹೊತ್ತಿಗೂ ಬೋಸ್ನಿಯಾದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಜನ ಅನಕ್ಷರಸ್ಥರಾಗಿದ್ದರು. ಮುಸ್ಲಿಮರ ಸ್ಥಿತಿ ಇನ್ನೂ ಶೋಚನೀಯವಾಗಿತ್ತು.

ಆಗ ನಗರದ ನಾಲ್ಕೂ ಸಮುದಾಯಗಳು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡವು. ಯಹೂದಿಯರ 'ಲಾ ಬೆನೆವೊಲೆನ್ಸಿಯಾ' 1892ರಲ್ಲಿ, ಸರ್ಬರ 'ಪ್ರೊಸ್ವಿಯೆತಾ' ಮತ್ತು ಕ್ರೊಯೇಟರ 'ನಪ್ರೆದಾಕ್' 1902ರಲ್ಲಿ, ಮುಸ್ಲಿಮರ 'ಗಾಯ್ರೆತ್' 1903ರಲ್ಲಿ ಸ್ಥಾಪನೆಯಾದವು. ನಮಗೆ ಪರಿಚಿತವಾದ 'ಗೈರತ್' ಪದವೇ ಅಲ್ಲಿನ ನಾಲಗೆಯಲ್ಲಿ ಗಾಯ್ರೆತ್ ಆಗಿದೆ. ಅಲ್ಲಿ ಅದಕ್ಕೆ ಪರಿಶ್ರಮ, ಹುರುಪು ಎಂಬ ಅರ್ಥ. ಕವಿ ಹಾಗೂ ವಿದ್ವಾಂಸ ಸಫ್ವೆತ್ ಬೇಗ್ ಬಶಾಗಿಚ್ ಇದರ ಸ್ಥಾಪಕರಲ್ಲೊಬ್ಬರು. ಬಡ ವಿದ್ಯಾರ್ಥಿಗಳಿಗೆ ವೇತನ, ವಿದ್ಯಾರ್ಥಿನಿಲಯ, 1907ರಿಂದ ಒಂದು ಪತ್ರಿಕೆ ಇವು ಅದರ ಕೆಲಸಗಳು. ನಪ್ರೆದಾಕ್ ನೀಡಿದ ವೇತನದಿಂದ ಓದಿದ ಬಡ ಹುಡುಗರಲ್ಲಿ ಇವೊ ಆಂದ್ರಿಚ್ ಒಬ್ಬರು. 1961ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಒಂದು ಸಣ್ಣ ವಿದ್ಯಾರ್ಥಿವೇತನ ಎಲ್ಲಿಗೆ ಮುಟ್ಟಬಹುದೆಂದು ಯಾರು ತಾನೇ ಊಹಿಸಬಲ್ಲರು?

ಈ ಸಂಘಗಳಿಗೆ ರಾಜಕೀಯದ ಸೋಂಕು ತಗಲಲಿಲ್ಲ ಎನ್ನುವಂತಿಲ್ಲ. ಮುಸ್ಲಿಮರು ಸರ್ಬರ ಕಡೆಯೋ ಕ್ರೊಯೇಟರ ಕಡೆಯೋ ಎಂಬ ಜಗಳದಲ್ಲಿ ಗಾಯ್ರೆತ್‌ಗೆ ಎದುರಾಗಿ 1920ರ ದಶಕದಲ್ಲಿ ಇನ್ನೊಂದು ಮುಸ್ಲಿಂ ಸಂಘ ಹುಟ್ಟಿತು. 1941ರಲ್ಲಿ ನಾಝಿಗಳ ಬೆಂಬಲದ ಸರಕಾರ ಗಾಯ್ರೆತನ್ನು ನಿಷೇಧಿಸಿತು. ಯುದ್ಧಾನಂತರ ಎರಡೂ ಸೇರಿ 'ಪ್ರೆಪೊರೊದ್' ಆದವು. 1949ರಲ್ಲಿ ಕಮ್ಯುನಿಸ್ಟ್ ಸರಕಾರ ಇಂತಹ ಎಲ್ಲ ಸಂಘಗಳನ್ನೂ ಮುಚ್ಚಿಸಿತು. 1990ರ ಆಸುಪಾಸಿನಲ್ಲಿ ಅವು ಮತ್ತೆ ತಲೆಯೆತ್ತಿದವು.

ಆದರೆ ವಿದ್ಯೆಯ ಸಂಸ್ಕಾರ ಕಠಿಣ ಕಾಲದಲ್ಲಿ ಫಲ ಕೊಟ್ಟಿತು. ನಗರದ ವಸ್ತುಸಂಗ್ರಹಾಲಯದಲ್ಲಿ 14ನೇ ಶತಮಾನದ ಸ್ಪೇನಿನಲ್ಲಿ ಸಿದ್ಧವಾದ ಯಹೂದಿಯರ ಅಮೂಲ್ಯ ಹಸ್ತಪ್ರತಿ 'ಹಗ್ಗಾದಾ' ಇತ್ತು. 1942ರಲ್ಲಿ ಅದನ್ನು ನಾಝಿಗಳ ಕೈಗೆ ಸಿಗದಂತೆ ಕಾಪಾಡಿದವರು ಅಲ್ಲಿನ ಗ್ರಂಥಪಾಲಕ, ಮುಸ್ಲಿಂ ವಿದ್ವಾಂಸ ದೆರ್ವಿಶ್ ಕೊರ್ಕುತ್. ಯಹೂದಿ ಯುವತಿಯೊಬ್ಬಳಿಗೂ ಅವರು ತಮ್ಮ ಮನೆಯಲ್ಲಿ ಆಶ್ರಯ ನೀಡಿದರು.

ಐವತ್ತು ವರ್ಷಗಳ ನಂತರ ನಗರವೇ ಮುತ್ತಿಗೆಗೆ ಸಿಕ್ಕಿತು. ಬೋಸ್ನಿಯನ್ ಸರ್ಬ್ ಪಡೆಗಳ ಶೆಲ್ ದಾಳಿಗೆ 1992ರ ಮೇ 17ರಂದು ಪ್ರಾಚ್ಯ ವಿದ್ಯಾ ಸಂಸ್ಥೆಯ ಸಾವಿರಾರು ಅರಬಿ, ಫಾರಸಿ, ತುರ್ಕಿ ಹಸ್ತಪ್ರತಿಗಳು ಸುಟ್ಟು ಹೋದವು. ಹಳೆಯ ನಗರಸಭಾ ಭವನದಲ್ಲಿದ್ದ ರಾಷ್ಟ್ರೀಯ ಗ್ರಂಥಾಲಯ ಆಗಸ್ಟ್ 25ರ ರಾತ್ರಿ ಹೊತ್ತಿ ಉರಿಯಿತು. ಬೆಂಕಿಯ ನಡುವೆಯೇ ಜನ ಪುಸ್ತಕ ಹೊರಗೆ ಸಾಗಿಸಿದರು. 1537ರಲ್ಲಿ ಆರಂಭವಾದ ಗಾಝಿ ಹುಸ್ರೆವ್ ಬೇಗ್ ಗ್ರಂಥಾಲಯದ ಸಿಬ್ಬಂದಿ ಮಾತ್ರ ತಮ್ಮ ಹಸ್ತಪ್ರತಿಗಳನ್ನು ಗುಂಡಿನ ಮಳೆಯಲ್ಲಿ ಪೆಟ್ಟಿಗೆಗಳಲ್ಲಿ ಹೊತ್ತು, ಜಾಗದಿಂದ ಜಾಗಕ್ಕೆ ಬದಲಿಸಿ ಉಳಿಸಿಕೊಂಡರು. ಮಕ್ಕಳ ಪಾಠಗಳು ನೆಲಮಾಳಿಗೆಗಳಲ್ಲಿ ನಡೆದವು. ಆಗ ಅಳಿದುಳಿದ ಯಹೂದಿಯರ ಲಾ ಬೆನೆವೊಲೆನ್ಸಿಯಾ ಔಷಧಾಲಯ ಮತ್ತು ಊಟದ ಕೇಂದ್ರ ನಡೆಸಿತು. ಅದರ ಬಾಗಿಲಲ್ಲಿ ಯಾರ ಧರ್ಮವನ್ನೂ ಕೇಳಲಿಲ್ಲ.

2014ರಲ್ಲಿ ಗಾಝಿ ಹುಸ್ರೆವ್ ಬೇಗ್ ಗ್ರಂಥಾಲಯಕ್ಕೆ ಹೊಸ ಕಟ್ಟಡ ದೊರೆಯಿತು. ಸುಟ್ಟ ನಗರಸಭಾ ಭವನವೂ ಅದೇ ವರ್ಷ ಪುನಃ ತೆರೆಯಿತು. ಆದರೆ ಬೂದಿಯಾದ ಪುಸ್ತಕಗಳು ಮರಳಿ ಬರಲಿಲ್ಲ.

ಸಮುದಾಯವೊಂದು ತನ್ನ ಮಕ್ಕಳ ಶಿಕ್ಷಣಕ್ಕಾಗಿ ಸಂಘ ಕಟ್ಟುವುದು ತಪ್ಪಲ್ಲ, ಅದು ಕರ್ತವ್ಯ. ಆದರೆ ಅಲ್ಲಿ ಕಲಿತವರು ನೆರೆಯವನ ಪುಸ್ತಕವನ್ನೂ ಪ್ರಾಣವನ್ನೂ ತನ್ನದೆಂದು ಕಾಯುವಂತಾದಾಗಲೇ ಆ ಶಿಕ್ಷಣ ಪೂರ್ಣವಾಗುತ್ತದೆ. ಸರಾಯೆವೊದ ಚರಿತ್ರೆ ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕಾದ ಪಾಠ ಇದು.